ಕಾಡಲ್ಲಿ ದಾರಿ ತಪ್ಪಿದ ಮಗುವಿಗೆ ಬೇಕಾದ ಮೊದಲ ಪಾಠ ಯಾವುದು?

ಬೇಸಿಗೆ ರಜೆ ಬಂತು ಅಂದ್ರೆ ಮೊಬೈಲ್ ತುಂಬಾ ಶಿಬಿರಗಳ ಜಾಹೀರಾತು. ‘ಕಾಡಲ್ಲಿ ಬದುಕೋದು ಕಲಿಯಿರಿ’ ಅಂತ ಹಗ್ಗ, ಟೆಂಟು, ಕಲ್ಲು ಉಜ್ಜಿ ಹಚ್ಚಿದ ಬೆಂಕಿಯ ಫೋಟೋಗಳು. ನೋಡೋಕೆ ಚೆಂದವೇ. ಆದರೆ ಎಂಟು–ಹತ್ತು ವರ್ಷದ ಮಗು ನಿಜವಾಗ್ಲೂ ದಾರಿ ತಪ್ಪಿದ್ರೆ, ಅದರ ಜೀವ ಉಳಿಸೋದು ಯಾವ ಪಾಠ? ಇವತ್ತು ಅದನ್ನೇ ನೋಡೋಣ.

1981ರ ಫೆಬ್ರುವರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರೋ ಪಾಲೋಮಾರ್ ಬೆಟ್ಟದಲ್ಲಿ ಮನೆಯವರ ಜೊತೆ ಹೋಗಿದ್ದ 9 ವರ್ಷದ ಹುಡುಗ ಕಾಣೆಯಾದ. ನೂರಾರು ಜನ ಹುಡುಕಿದರು. ನಾಲ್ಕನೇ ದಿನ ಸಿಕ್ಕಿದ್ದು ಅವನ ಶವ. ಕೊಂದಿದ್ದು ಪ್ರಾಣಿಯಲ್ಲ, ಹಸಿವಲ್ಲ, ಚಳಿ. ಆ ಹುಡುಕಾಟದಲ್ಲಿದ್ದ ಹೆಜ್ಜೆಗುರುತು ಪರಿಣತ ಆ್ಯಬ್ ಟೇಲರ್ ಮತ್ತವರ ಸಂಗಡಿಗರು ಆಮೇಲೆ ಮಕ್ಕಳಿಗಾಗಿ ಒಂದು ಪಾಠ ಶುರು ಮಾಡಿದರು. ಹೆಸರು ‘ಹಗ್ ಎ ಟ್ರೀ’. ಅಂದ್ರೆ, ಮರ ಅಪ್ಪಿಕೋ.

ಯಾಕೆ ಮರ? ನಿಂತಲ್ಲೇ ನಿಲ್ಲೋಕೆ ಒಂದು ನೆಪ, ಒಂಟಿತನಕ್ಕೆ ಒಂದು ಜೊತೆ. ಲೆಕ್ಕ ಹಾಕಿ ನೋಡಿ. ಮಗು ಯಾವ ದಿಕ್ಕಿಗೆ ಹೋಯ್ತು ಅಂತ ಗೊತ್ತಿಲ್ಲ. 2 ಕಿಲೋಮೀಟರ್ ನಡೆದಿದ್ರೆ ಹುಡುಕಬೇಕಾದ ಜಾಗ ಸುಮಾರು 12 ಚದರ ಕಿಲೋಮೀಟರ್. 4 ಕಿಲೋಮೀಟರ್ ನಡೆದಿದ್ರೆ? 24 ಅಲ್ಲ, ಸುಮಾರು 50. ನಡಿಗೆ ಎರಡು ಪಟ್ಟು, ಹುಡುಕೋ ಜಾಗ ನಾಲ್ಕು ಪಟ್ಟು!

ಇನ್ನು ಕೈಯಲ್ಲಿ ಎರಡೇ ಸಾಮಾನು: ಒಂದು ಸೀಟಿ, ಒಂದು ದೊಡ್ಡ ಕಸದ ಚೀಲ. ಕೂಗಿದ್ರೆ ಗಂಟಲು ಬೇಗ ಸೋಲುತ್ತೆ, ಸೀಟಿ ಸೋಲಲ್ಲ. ಮೂರು ಸಲ ಊದೋದು, ನಿಲ್ಲಿಸೋದು, ಕಿವಿಗೊಡೋದು, ಮತ್ತೆ ಮೂರು ಸಲ. ಚೀಲಕ್ಕೆ ಮುಖದಷ್ಟು ತೂತು ಮಾಡಿ ತಲೆ ಮೇಲಿಂದ ಹಾಕಿಕೊಂಡ್ರೆ ಮಳೆ, ಗಾಳಿ ತಡೆಯುತ್ತೆ. ಮುಖ ಮಾತ್ರ ಯಾವಾಗ್ಲೂ ಹೊರಗಿರಬೇಕು, ಇದನ್ನ ದೊಡ್ಡವರ ಎದುರೇ ಅಭ್ಯಾಸ ಮಾಡಿಸಬೇಕು. ದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದ್ರೆ ಬುದ್ಧಿಯೇ ಮಂಕಾಗುತ್ತೆ; ಒದ್ದೆ ಬಟ್ಟೆ, ಗಾಳಿ ಸೇರಿದ್ರೆ ಅದಕ್ಕೆ ಹಿಮವೇ ಬೇಕಂತಿಲ್ಲ.

ನಮ್ಮ ಮಲೆನಾಡು, ಕೊಡಗಿನ ಶಿಬಿರಗಳಲ್ಲಿ ಈ ಪಾಠ ಸ್ವಲ್ಪ ತಿದ್ದಬೇಕು. ಮರ ಮುಟ್ಟೋ ಮೊದಲು ಕೆಂಜಿಗ, ಹಾವು ಇದೆಯಾ ಅಂತ ನೋಡಬೇಕು. ಏಪ್ರಿಲ್–ಮೇನಲ್ಲಿ ಗುಡುಗು–ಸಿಡಿಲು ಜಾಸ್ತಿ, ಹಾಗಾಗಿ ಬಯಲಲ್ಲಿರೋ ಒಂಟಿ ಮರ, ಎಲ್ಲಕ್ಕಿಂತ ಎತ್ತರದ ಮರ ಬೇಡ. ಆನೆ ಓಡಾಡೋ ಕಡೆ ಮಕ್ಕಳನ್ನ ಒಂಟಿಯಾಗಿ ಬಿಡೋ ಮಾತೇ ಇಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಹುಡುಕೋರು ಹೆಸರು ಹಿಡಿದು ಕೂಗ್ತಿದ್ರೂ ಕೆಲವು ಮಕ್ಕಳು ಉತ್ತರ ಕೊಡದೆ ಅಡಗಿ ಕೂರ್ತಾರೆ. ಯಾಕೆ ಗೊತ್ತಾ? ‘ಅಪರಿಚಿತರ ಹತ್ರ ಮಾತಾಡಬೇಡ’ ಅಂತ ನಾವೇ ಹೇಳಿಕೊಟ್ಟಿರ್ತೀವಿ. ಜೊತೆಗೆ, ‘ಅಮ್ಮ ಬೈತಾಳೆ, ಅಪ್ಪ ಹೊಡೀತಾರೆ’ ಅನ್ನೋ ಭಯ. ಅದಕ್ಕೇ ‘ಹಗ್ ಎ ಟ್ರೀ’ ಪಾಠದಲ್ಲಿ ಸೀಟಿಯಷ್ಟೇ ತೂಕ ಇನ್ನೊಂದು ಮಾತಿಗೂ ಇದೆ: ‘ನೀನು ಕಳೆದುಹೋದ್ರೆ ಯಾರೂ ಸಿಟ್ಟಾಗಲ್ಲ.’

ಬೆಂಕಿ ಹಚ್ಚೋದನ್ನ ಶಿಬಿರದವರು ಕಲಿಸಬಹುದು. ಈ ಮಾತನ್ನ ಮಾತ್ರ ಮಗು ನಂಬಬೇಕಾದ್ರೆ ಮನೆಯವರೇ ಹೇಳಬೇಕು. ನಿಮ್ಮ ತಮ್ಮನೋ ತಂಗಿಯೋ, ಅಕ್ಕನ ಮಗಳೋ ಈ ಸಲ ಶಿಬಿರಕ್ಕೆ ಹೊರಟಿದ್ರೆ, ಬ್ಯಾಗಿಗೆ ಸೀಟಿ ಕಟ್ಟಿ ಹೇಳಿ: ‘ದಾರಿ ತಪ್ಪಿದ್ರೆ ಅಲ್ಲೇ ನಿಂತ್ಕೋ ಪುಟ್ಟ. ಹುಡುಕೋಕೆ ನಾವು ಬರ್ತೀವಿ. ಖಂಡಿತ ಬೈಯಲ್ಲ.’