ಕರಡಿ: ಹೆಸರು ಮತ್ತು ಸ್ವಭಾವ
ಜಾಂಬವಂತನ ಮೂಲಕ ಕಾವ್ಯಪರಿಚಿತವಾದ ನಮ್ಮ ಕರಡಿಯನ್ನು ಪ್ರಾಣಿಶಾಸ್ತ್ರವು ಮೊದಲು ತಪ್ಪಾಗಿಯೇ ಓದಿತು ಎನ್ನಬೇಕು. 1791ರಲ್ಲಿ ಜಾರ್ಜ್ ಶಾ ಇದನ್ನು ‘ಸ್ಲಾತ್’ ಎಂಬ ಅಮೆರಿಕದ ಮಂದಗತಿಯ ಪ್ರಾಣಿಯ ಕುಲಕ್ಕೆ ಸೇರಿಸಿದನು. ನೀಳವಾದ ಉಗುರುಗಳೂ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳ ಅಭಾವವೂ ಈ ಭ್ರಮೆಗೆ ಕಾರಣ. ವಾಸ್ತವವಾಗಿ ಆ ಕೊರತೆಯೇ ಅದರ ಜೀವನೋಪಾಯ: ಹುತ್ತವನ್ನು ಬಗೆದು, ಧೂಳನ್ನು ಊದಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಹಲ್ಲಿನ ಸಂದಿಯಿಂದ ಗೆದ್ದಲನ್ನು ದೂರಕ್ಕೂ ಕೇಳುವಂತೆ ಹೀರುತ್ತದೆ. ಇದಕ್ಕೆ ಶೀತನಿದ್ರೆಯಿಲ್ಲ, ತಾಯಿಯು ಮರಿಗಳನ್ನು ಬೆನ್ನಮೇಲೆ ಹೊತ್ತೇ ಅಲೆಯುತ್ತದೆ. ಇಂತಹ ಜೀವಿಯನ್ನು ‘ಸೋಮಾರಿ ಕರಡಿ’ ಎಂದು ಅನುವಾದಿಸಿದರೆ ಶಾ ಮಾಡಿದ ತಪ್ಪನ್ನೇ ಕನ್ನಡಕ್ಕೆ ತಂದಂತಾಗುತ್ತದೆ. ಹಂಪಿಯ ಸಮೀಪದ ದರೋಜಿಯಲ್ಲಿ 1994ರಲ್ಲಿ ಇದಕ್ಕಾಗಿಯೇ ಸ್ಥಾಪಿತವಾದುದು ‘ಕರಡಿಧಾಮ’ವೆಂದೇ ಪ್ರಸಿದ್ಧ. ಪಾರಿಭಾಷಿಕ ನಿಘಂಟುಕಾರರೂ ವಿಶೇಷಣವಿಲ್ಲದ ಈ ಪದವನ್ನೇ ಉಳಿಸಿಕೊಳ್ಳಬಹುದು.