ಹೃದಯದ ಬಾಗಿಲಿಗೆ ದಾರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ ತೆಂಗಿನಕಾಯಿಯ ರಚನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕರಟ ಎಷ್ಟೇ ಗಟ್ಟಿಯಾಗಿರಲಿ, ಅದರ ಮೂರು ಕಣ್ಣುಗಳಲ್ಲಿ ಒಂದು ಮೆದುವಾಗಿರುತ್ತದೆ. ಮೊಳಕೆ ಹೊರಬರುವುದು ಆ ದಾರಿಯಿಂದಲೇ. ಕಾಯಿಯನ್ನು ಒಡೆಯದೆ ನೀರು ಕುಡಿಯಬೇಕೆಂದರೆ ನಾವೂ ಆ ಕಣ್ಣನ್ನೇ ಚುಚ್ಚುತ್ತೇವೆ. ಹೃದಯದ ಶಸ್ತ್ರವೈದ್ಯರೂ ಒಮ್ಮೊಮ್ಮೆ ಇಂತಹ ದಾರಿಯನ್ನು ಹುಡುಕಬೇಕಾಗುತ್ತದೆ.

ಹೃದಯದಲ್ಲಿ ನಾಲ್ಕು ಕವಾಟಗಳುಂಟು. ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಮರಳದಂತೆ ತಡೆಯುವ ಬಾಗಿಲುಗಳಿವು. ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಇವು ತೆರೆದು ಮುಚ್ಚುತ್ತವೆ.

1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂತಹ ಆಸ್ಪತ್ರೆಗಳಲ್ಲಿ ವಿಕಿರಣ ಚಿಕಿತ್ಸೆ ಪಡೆದು ಕ್ಯಾನ್ಸರಿನಿಂದ ಪಾರಾದವರು ಬಹುಮಂದಿ. ಆದರೆ ಎದೆಯ ಮೇಲೆ ಬಿದ್ದ ಕಿರಣಗಳು ರೋಗವನ್ನು ನಾಶಮಾಡುವಾಗ ಹೃದಯವನ್ನೂ ಸ್ವಲ್ಪಮಟ್ಟಿಗೆ ತಾಕಿರಬಹುದು. ಅಂತಹವರಲ್ಲಿ ಕೆಲವರಿಗೆ ಹತ್ತು ಇಪ್ಪತ್ತು ವರ್ಷಗಳ ತರುವಾಯ ಕವಾಟಗಳು ದಪ್ಪವಾಗಿ, ಸುಣ್ಣದ ಅಂಶ ಕೂಡಿ, ಬಿಗಿದುಕೊಳ್ಳುತ್ತವೆ. ಕೊಬ್ಬರಿಯ ಅಟ್ಟವನ್ನು ಸಲೀಸಾಗಿ ಹತ್ತುತ್ತಿದ್ದ ತಾಯಿ ಎರಡು ಮೆಟ್ಟಿಲಿಗೇ ಏದುಸಿರು ಬಿಡತೊಡಗುತ್ತಾರೆ. ವಯಸ್ಸಾಯಿತೆಂದು ಮನೆಯವರು ಸುಮ್ಮನಾದರೆ ಪ್ರಾಣಕ್ಕೇ ಅಪಾಯ. ತೀರ ಕೆಟ್ಟ ಕವಾಟವನ್ನು ಬದಲಿಸಬೇಕಾಗುತ್ತದೆ.

ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೂ ಕೊಯ್ದು, ರಕ್ತಸಂಚಾರವನ್ನು ಯಂತ್ರಕ್ಕೆ ಒಪ್ಪಿಸಿ, ಹೃದಯವನ್ನು ನಿಲ್ಲಿಸಿ ಕವಾಟವನ್ನು ಬದಲಿಸುವುದು ರೂಢಿಯ ಮಾರ್ಗ. ವಿಕಿರಣ ಬಿದ್ದ ಎದೆಯಲ್ಲಿ ಇದು ಕಠಿಣ. ಅಲ್ಲಿ ಚರ್ಮವೂ ಮೂಳೆಯೂ ಬೇಗ ಕೂಡುವುದಿಲ್ಲ. ಹೃದಯದ ಹೊದಿಕೆ ಅಂಟಿಕೊಂಡಿರಬಹುದು. ಮಹಾಪಧಮನಿಯ ಗೋಡೆ ಕರಟದಂತೆ ಗಡುಸಾಗಿರಬಹುದು. ಆ ಗೋಡೆಯನ್ನು ಚಿಮಟದಿಂದ ಅದುಮಿದರೆ ಸುಣ್ಣದ ಚೂರು ಕಳಚಿ, ಮಿದುಳನ್ನು ಸೇರಿ, ಪಾರ್ಶ್ವವಾಯು ಬರಬಹುದು.

ಆದುದರಿಂದ ವೈದ್ಯರು ಬೇರೆ ದಾರಿಗಳನ್ನು ಕಂಡುಕೊಂಡರು. ಒಂದು, ಮೂಳೆಯ ಮೇಲ್ಭಾಗವನ್ನು ಮಾತ್ರ ಕೊಯ್ಯುವುದು. ಎರಡು, ಬಲಗಡೆಯ ಪಕ್ಕೆಲುಬುಗಳ ನಡುವೆ ಸಣ್ಣದಾಗಿ ಕೊಯ್ದು ಒಳಹೋಗುವುದು. ಮೂರನೆಯದು ಎದೆಯನ್ನೇ ಕೊಯ್ಯದ ದಾರಿ: ತೊಡೆಸಂದಿನ ರಕ್ತನಾಳದಲ್ಲಿ ತೆಳುವಾದ ನಳಿಕೆಯನ್ನು ತೂರಿಸಿ, ಮಡಿಸಿಟ್ಟ ಕವಾಟವನ್ನು ಹೃದಯಕ್ಕೆ ಒಯ್ದು, ಹಳೆಯದರ ಒಳಗೇ ಅರಳಿಸುವುದು. ಫ್ರಾನ್ಸಿನ ಅಲೆನ್ ಕ್ರಿಬಿಯೆ ಎಂಬ ವೈದ್ಯರು 2002ರಲ್ಲಿ ಇದನ್ನು ಮೊದಲ ಬಾರಿಗೆ ಮನುಷ್ಯನಲ್ಲಿ ನೆರವೇರಿಸಿದರು.

ಆದರೆ ಎಲ್ಲರಿಗೂ ಒಂದೇ ದಾರಿ ಸಲ್ಲದು. ನಳಿಕೆಯ ದಾರಿ ಮುಖ್ಯವಾಗಿ ಮಹಾಪಧಮನಿಯ ಕವಾಟಕ್ಕೆ ಒಪ್ಪುವಂಥದು. ಹಲವು ಕವಾಟಗಳೂ ಹೃದಯದ ರಕ್ತನಾಳಗಳೂ ಒಟ್ಟಿಗೆ ಕೆಟ್ಟಿದ್ದರೆ ಎದೆಯನ್ನು ತೆರೆಯುವುದೇ ಅನಿವಾರ್ಯವಾಗಬಹುದು. ಯಾವುದು ಸೂಕ್ತವೆಂದು ನಿರ್ಧರಿಸಲು ವೈದ್ಯರಿಗೆ ಹಿಂದಿನ ಚಿಕಿತ್ಸೆಯ ವಿವರ ಬೇಕು. ರೋಗ ಹೋಯಿತೆಂದು ಹಳೆಯ ಕಾಗದಗಳನ್ನು ಒಲೆಗೆ ಹಾಕಬಾರದು. ತೋಟದ ಕ್ರಯಪತ್ರವನ್ನು ಪೆಟ್ಟಿಗೆಯಲ್ಲಿ ಕಾಪಾಡುವಂತೆ ಅವನ್ನೂ ಕಾಪಾಡಬೇಕು. ಪ್ರಾಣ ಉಳಿಸಿದ ಕಿರಣವನ್ನು ದೂರುವುದು ತರವಲ್ಲ; ಅದು ಬಿಟ್ಟುಹೋದ ಗುರುತನ್ನು ಮರೆಯುವುದೂ ತರವಲ್ಲ.