ಯುದ್ಧವೆಂಬ ಶಬ್ದದ ವ್ಯಾಪ್ತಿಯೂ ವಿಮಾಪತ್ರದ ವಿವಾದವೂ

ಒಂದು ಶಬ್ದದ ಅರ್ಥವು ಎಲ್ಲಿಯವರೆಗೆ ವ್ಯಾಪಿಸುತ್ತದೆಂಬ ವಿಚಾರವು ವೈಯಾಕರಣರಿಗೂ ಆಲಂಕಾರಿಕರಿಗೂ ಮಾತ್ರ ಸಂಬಂಧಪಟ್ಟುದೆಂದು ಭಾವಿಸುವುದು ವಾಡಿಕೆ. ಆದರೆ ಅಮೆರಿಕದ ಮರ್ಕ್ ಎಂಬ ಔಷಧತಯಾರಿಕೆಯ ಸಂಸ್ಥೆಗೂ ಅದರ ವಿಮೆಗಾರರಿಗೂ ನಡೆದ ವ್ಯಾಜ್ಯದಲ್ಲಿ, ಸುಮಾರು ೧೪೦ ಕೋಟಿ ಡಾಲರುಗಳ ನಷ್ಟವು ಯಾರ ಪಾಲಿಗೆ ಬೀಳತಕ್ಕದ್ದೆಂಬುದು ಇಂತಹ ವಿಚಾರವೊಂದನ್ನೇ ಅವಲಂಬಿಸಿತ್ತು. ಗಣಕಯಂತ್ರಗಳ ಮೂಲಕ ನಡೆಯುವ ಆಕ್ರಮಣವು ಯುದ್ಧವೆನಿಸುವುದೆ, ಇಲ್ಲವೆ ಎಂಬುದೇ ಅಲ್ಲಿಯ ಪ್ರಶ್ನೆ. ಕಾರ್ಖಾನೆಗಳ ಒಡೆಯರಿಗೂ, ಬಂದರು, ವಿದ್ಯುಚ್ಛಕ್ತಿ, ನೀರಿನ ಸರಬರಾಯಿ ಮೊದಲಾದುವನ್ನು ನಡೆಸುವವರಿಗೂ ಇದರ ಉತ್ತರವು ಅತ್ಯಂತ ಮುಖ್ಯವಾದುದು.

ಸಂಗತಿಯು ಇಂತಿರುವುದು. ಯುಕ್ರೇನಿನ ವ್ಯಾಪಾರಿಗಳು ಲೆಕ್ಕಪತ್ರಗಳಿಗಾಗಿ ಉಪಯೋಗಿಸುತ್ತಿದ್ದ ತಂತ್ರಾಂಶವೊಂದರ ಪರಿಷ್ಕರಣದೊಡನೆ ಬೆರೆತು, ನಾಟ್‌ಪೆಟ್ಯಾ ಎಂಬ ವಿನಾಶಕ ತಂತ್ರಾಂಶವು ೨೦೧೭ನೆಯ ಜೂನ್ ೨೭ರಂದು ಹರಡಿತು. ಹೊರನೋಟಕ್ಕೆ ಅದು ಹಣವನ್ನು ಕೇಳುವ ಸುಲಿಗೆಯಂತೆ ತೋರುತ್ತಿದ್ದರೂ, ಹಣ ತೆತ್ತವರಿಗೂ ತಮ್ಮ ದಾಖಲೆಗಳನ್ನು ಮರಳಿ ಪಡೆಯುವ ಮಾರ್ಗವಿರಲಿಲ್ಲ. ನಾಶವೇ ಅದರ ಫಲ. ಮರ್ಕ್ ಸಂಸ್ಥೆಯಲ್ಲಿ ೯೦ ಸೆಕೆಂಡುಗಳೊಳಗೆ ಸುಮಾರು ೧೦,೦೦೦ ಯಂತ್ರಗಳೂ ಕೊನೆಗೆ ೪೦,೦೦೦ಕ್ಕೂ ಹೆಚ್ಚು ಯಂತ್ರಗಳೂ ಕೆಟ್ಟುವು. ಔಷಧಗಳ ತಯಾರಿಕೆಗೆ ಭಂಗವುಂಟಾಗಿ, ಗಾರ್ಡಸಿಲ್ ಎಂಬ ಲಸಿಕೆಯನ್ನು ಅಮೆರಿಕ ಸರ್ಕಾರದ ಸಂಗ್ರಹದಿಂದ ಎರವಲು ತರಬೇಕಾಯಿತು. ಡೆನ್ಮಾರ್ಕಿನ ಮೇರ್ಸ್ಕ್ ಎಂಬ ಹಡಗಿನ ಸಂಸ್ಥೆಯ ಯಂತ್ರಗಳೂ ಸ್ತಬ್ಧವಾದುವು. ಮುಂಬಯಿಯ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಂಸ್ಥೆಯ ಬಳಗವು ನಡೆಸುತ್ತಿದ್ದ ಸರಕುಕಟ್ಟೆಯ ಕೆಲಸವೂ ಅಸ್ತವ್ಯಸ್ತವಾಯಿತು. ೨೦೧೮ನೆಯ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕದ ಸರ್ಕಾರಗಳು ಇದನ್ನು ರಷ್ಯದ ಸೇನೆಯ ಕೃತ್ಯವೆಂದು ಬಹಿರಂಗವಾಗಿ ಸಾರಿದುವು. ರಷ್ಯವು ಅದನ್ನು ಅಲ್ಲಗಳೆಯಿತು.

ಮರ್ಕ್ ಸಂಸ್ಥೆಯು ಸರ್ವವಿಧವಾದ ಅಪಾಯಗಳಿಗೂ ಅನ್ವಯಿಸುವಂತೆ ೧೭೫ ಕೋಟಿ ಡಾಲರುಗಳ ವಿಮೆಯನ್ನು ಮಾಡಿಸಿತ್ತು. ಆದರೆ ವಿಮಾಪತ್ರದಲ್ಲಿ ಒಂದು ಅಪವಾದವಾಕ್ಯವಿದ್ದಿತು. ಯಾವುದೇ ಸರ್ಕಾರವಾಗಲಿ, ಭೂಸೇನೆ, ನೌಕಾಸೇನೆ, ವಾಯುಸೇನೆಗಳನ್ನು ಇಟ್ಟುಕೊಂಡಿರುವ ಅಧಿಕಾರವಾಗಲಿ ನಡೆಸಿದ ವೈರಕಾರ್ಯದಿಂದ ಅಥವಾ ಯುದ್ಧಸದೃಶವಾದ ಕಾರ್ಯದಿಂದ ಆದ ನಷ್ಟಕ್ಕೆ ಪರಿಹಾರವಿಲ್ಲವೆಂಬುದು ಅದರ ತಾತ್ಪರ್ಯ. ವಿಮೆಗಾರರ ಪಕ್ಷವೇನೆಂದರೆ: ‘ವೈರಕಾರ್ಯ’ವೆಂಬುದು ವಿಶಾಲವಾದ ಶಬ್ದ, ದ್ವೇಷದಿಂದ ಮಾಡಿದ ಯಾವ ಕೆಲಸವೂ ವೈರಕಾರ್ಯವೇ, ರಷ್ಯ ಸರ್ಕಾರವು ಯುಕ್ರೇನಿನ ಮೇಲಣ ದ್ವೇಷದಿಂದ ಇದನ್ನು ಮಾಡಿಸಿದುದರಿಂದ ಪರಿಹಾರವನ್ನು ಕೊಡಬೇಕಾದುದಿಲ್ಲ.

ನ್ಯೂಜರ್ಸಿಯ ನ್ಯಾಯಸ್ಥಾನವು ೨೦೨೧ನೆಯ ಡಿಸೆಂಬರಿನಲ್ಲಿ ಈ ವಾದವನ್ನು ತಳ್ಳಿಹಾಕಿತು. ೨೦೨೩ನೆಯ ಮೇ ೧ರಂದು ಅಪೀಲು ನ್ಯಾಯಸ್ಥಾನವೂ ಅದೇ ತೀರ್ಪನ್ನು ಎತ್ತಿಹಿಡಿಯಿತು. ಅಲ್ಲಿಯ ಯುಕ್ತಿಯು ನಮ್ಮ ಅಲಂಕಾರಶಾಸ್ತ್ರವನ್ನು ಓದಿದವರಿಗೆ ಹೊಸದಾಗಿ ಕಾಣದು. ಅನೇಕಾರ್ಥವುಳ್ಳ ಶಬ್ದದ ಅರ್ಥವನ್ನು ಸಾಹಚರ್ಯ, ಪ್ರಕರಣ ಮೊದಲಾದುವುಗಳಿಂದ ನಿಶ್ಚಯಿಸಬೇಕೆಂದು ಶಾಸ್ತ್ರಕಾರರು ಹೇಳುತ್ತಾರೆ. ‘ರಾಮಲಕ್ಷ್ಮಣರು’ ಎಂದಲ್ಲಿ ಲಕ್ಷ್ಮಣನ ಸಾಹಚರ್ಯದಿಂದ ದಶರಥನ ಮಗನಾದ ರಾಮನೇ ತೋರುತ್ತಾನೆ ಹೊರತು ಪರಶುರಾಮನಲ್ಲ. ಅಂತೆಯೇ ‘ವೈರ’ ಶಬ್ದವು ಯುದ್ಧ, ಸೇನೆ ಎಂಬ ಶಬ್ದಗಳ ನೆರೆಯಲ್ಲಿ ನಿಂತಿರುವಾಗ ಸೈನಿಕಕಾರ್ಯವನ್ನೇ ಹೇಳುವುದಲ್ಲದೆ ಬರಿಯ ದ್ವೇಷವನ್ನು ಹೇಳಲಾರದು. ಸೇನೆಗೆ ಸೇರದ ಸಂಸ್ಥೆಯೊಂದರ ಲೆಕ್ಕಪತ್ರದ ತಂತ್ರಾಂಶದ ಮೂಲಕ ಬಂದ ಆಕ್ರಮಣವು, ಅದನ್ನು ಸರ್ಕಾರವೇ ಪ್ರೇರಿಸಿದ್ದರೂ, ಆ ವಾಕ್ಯದೊಳಗೆ ಬಾರದೆಂದು ನಿರ್ಣಯವಾಯಿತು. ಮೇಲಾಗಿ, ವಿಮಾಪತ್ರದ ಅಪವಾದವಾಕ್ಯಗಳನ್ನು ಸಂಕುಚಿತವಾಗಿಯೇ ಅರ್ಥೈಸಬೇಕೆಂಬ ನಿಯಮವಿರುವುದು. ಇಂತಹ ಆಕ್ರಮಣಗಳು ಬಹುಕಾಲದಿಂದ ಪ್ರಸಿದ್ಧವಾಗಿದ್ದರೂ ವಿಮೆಗಾರರು ಹಳೆಯ ವಾಕ್ಯವನ್ನು ತಿದ್ದಲಿಲ್ಲವೆಂಬುದೂ ಅವರಿಗೆ ಪ್ರತಿಕೂಲವಾಯಿತು. ಇದಕ್ಕೆ ಪೂರ್ವನಿದರ್ಶನವೂ ಉಂಟು: ೧೯೭೦ರಲ್ಲಿ ಅಪಹೃತವಾಗಿ ಕೈರೋ ನಗರದಲ್ಲಿ ಸ್ಫೋಟಿಸಲ್ಪಟ್ಟ ಪ್ಯಾನ್ ಅಮೆರಿಕನ್ ವಿಮಾನದ ವಿಷಯದಲ್ಲಿಯೂ ಅಮೆರಿಕದ ಅಪೀಲು ನ್ಯಾಯಸ್ಥಾನವು ೧೯೭೪ರಲ್ಲಿ ‘ಯುದ್ಧ’ಕ್ಕೆ ಸಂಕುಚಿತವಾದ ಅರ್ಥವನ್ನೇ ಹೇಳಿತ್ತು.

ಆದರೂ ಇದನ್ನು ಅಂತಿಮ ಸಿದ್ಧಾಂತವೆಂದು ತಿಳಿಯಕೂಡದು. ಆ ಸಂಸ್ಥಾನದ ಸರ್ವೋಚ್ಚ ನ್ಯಾಯಸ್ಥಾನವು ವಾದವನ್ನು ಕೇಳುವ ಮುನ್ನವೇ, ೨೦೨೪ನೆಯ ಜನವರಿಯಲ್ಲಿ, ಉಭಯ ಪಕ್ಷಗಳೂ ರಾಜಿಯಾದುವು. ಇದೇ ಆಕ್ರಮಣದಿಂದ ೧೦ ಕೋಟಿ ಡಾಲರುಗಳಿಗೂ ಹೆಚ್ಚು ನಷ್ಟವಾಯಿತೆಂದು ಮಾಂಡಲೀಜ್ ಎಂಬ ತಿಂಡಿತಯಾರಿಕೆಯ ಸಂಸ್ಥೆಯು ಇಲಿನಾಯ್ ಸಂಸ್ಥಾನದಲ್ಲಿ ಹೂಡಿದ್ದ ವ್ಯಾಜ್ಯವೂ ೨೦೨೨ರಲ್ಲಿ ರಾಜಿಯಲ್ಲಿಯೇ ಮುಗಿಯಿತು. ಆದುದರಿಂದ ತೀರ್ಪು ನಿಂತಿರುವುದು ಒಂದು ಸಂಸ್ಥಾನದಲ್ಲಿ, ಒಂದು ಬಗೆಯ ವಾಕ್ಯದ ಮೇಲೆ ಮಾತ್ರ.

ಈ ನಡುವೆ ಆ ವಾಕ್ಯವೇ ಬದಲಾಗತೊಡಗಿತು. ರಾಜ್ಯಗಳ ಬೆಂಬಲದಿಂದ ನಡೆಯುವ ಗಣಕಾಕ್ರಮಣಗಳ ನಷ್ಟವನ್ನು ಗಣಕಸಂಬಂಧವಾದ ಪ್ರತ್ಯೇಕ ವಿಮಾಪತ್ರಗಳಿಂದ ಹೊರತುಪಡಿಸಬೇಕೆಂದು ಲಂಡನ್ನಿನ ಲಾಯ್ಡ್ಸ್ ವಿಮಾಪೇಟೆಯು ೨೦೨೨ನೆಯ ಆಗಸ್ಟಿನಲ್ಲಿ ವಿಧಿಸಿತು. ಈ ವಿಧಿಯು ೨೦೨೩ನೆಯ ಮಾರ್ಚ್ ೩೧ರಿಂದ ಆಚರಣೆಗೆ ಬಂದಿತು. ಒಂದು ರಾಜ್ಯದ ಕಾರ್ಯನಿರ್ವಹಣೆಯನ್ನು ಗಣನೀಯವಾಗಿ ಕುಂದಿಸುವ ಆಕ್ರಮಣವೂ ಇದಕ್ಕೆ ಒಳಪಡುವುದು. ಹಳೆಯ ಸಂದೇಹವು ತೀರಿದೊಡನೆ ಎರಡು ಹೊಸ ಸಂದೇಹಗಳು ಹುಟ್ಟಿದುವು. ‘ಗಣನೀಯ’ವೆಂಬುದಕ್ಕೆ ಅಳತೆಯಾವುದು? ರಹಸ್ಯವಾಗಿ ನಡೆದ ಕೃತ್ಯವನ್ನು ಇಂತಹ ರಾಜ್ಯವೇ ಮಾಡಿಸಿತೆಂದು ಸ್ಥಾಪಿಸುವ ಪ್ರಮಾಣವಾವುದು?

ಭಾರತದ ಶಾಸನದೊಡನೆ ಹೋಲಿಸಿದರೆ ಇದರ ತೊಡಕು ಇನ್ನೂ ಸ್ಪಷ್ಟವಾಗುವುದು. ೨೦೦೦ನೆಯ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೭೦ನೆಯ ಕಲಮಿನಂತೆ, ಯಾವ ಗಣಕಸಂಪತ್ತಿನ ನಾಶವು ದೇಶದ ಭದ್ರತೆಯನ್ನಾಗಲಿ, ಆರ್ಥಿಕಸ್ಥಿತಿಯನ್ನಾಗಲಿ, ಜನರ ಆರೋಗ್ಯವನ್ನಾಗಲಿ, ಸುರಕ್ಷಿತತೆಯನ್ನಾಗಲಿ ದುರ್ಬಲಗೊಳಿಸುವುದೋ ಅದು ಮಹತ್ವದ ಮೂಲಸೌಕರ್ಯವೆನಿಸುವುದು. ಸರ್ಕಾರವು ರಕ್ಷಿತವೆಂದು ಘೋಷಿಸಿದ ಅಂತಹ ವ್ಯವಸ್ಥೆಯನ್ನು ಅನಧಿಕಾರವಾಗಿ ಪ್ರವೇಶಿಸಿದವನಿಗೆ ಹತ್ತು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯುಂಟು. ಶಾಸನವು ರಕ್ಷಣೆಗಾಗಿ ಕೊಟ್ಟ ಈ ಲಕ್ಷಣಕ್ಕೂ, ವಿಮೆಗಾರರು ಪರಿಹಾರವನ್ನು ನಿರಾಕರಿಸಲು ಕಲ್ಪಿಸಿದ ಲಕ್ಷಣಕ್ಕೂ ಬಹಳ ಅಂತರವಿಲ್ಲ. ಒಂದು ವಿದ್ಯುದಾಗಾರವಾಗಲಿ ಬಂದರಾಗಲಿ ದೇಶಕ್ಕೆ ಎಷ್ಟು ಅವಶ್ಯಕವೋ, ಅದರ ಮೇಲಣ ಆಕ್ರಮಣವು ರಾಜ್ಯವನ್ನು ಕುಂದಿಸಿತೆಂದು ವಾದಿಸುವುದು ಅಷ್ಟು ಸುಲಭ. ಹೀಗೆ, ಶಾಸನದಲ್ಲಿ ಗೌರವಕ್ಕೆ ಕಾರಣವಾದ ಶಬ್ದವೇ ಕರಾರಿನಲ್ಲಿ ಕೈಬಿಡುವುದಕ್ಕೂ ಕಾರಣವಾಗಬಹುದು. ಕಾರ್ಖಾನೆಯ ಕಾವಲನ್ನು ಯಂತ್ರಜ್ಞರಿಗೆ ಒಪ್ಪಿಸಿದವರು, ಕರಾರಿನ ಒಂದೊಂದು ಪದವನ್ನೂ ಅರ್ಥಜ್ಞರ ಮುಂದೆ ಇಟ್ಟು ಪರೀಕ್ಷಿಸುವುದು ಅಷ್ಟೇ ಅವಶ್ಯಕ. ಆ ಪರೀಕ್ಷೆಯು ನಷ್ಟಕ್ಕೆ ಮೊದಲೇ ನಡೆಯತಕ್ಕುದು.